ಹಿಮದ ನಾಡಿನಲ್ಲಿ ಎಂಜಿನ್ ಚಾಲೂ ಆಗಬೇಕಾದರೆ: ಸೇನಾ ವಾಹನಗಳ ಹೀಟರ್ ಮತ್ತು ದೇಶಗಳ ನಡುವಿನ ಸಹಯೋಗ

ಬೆಂಗಳೂರಿನ ಉತ್ತರ ಭಾಗದಲ್ಲಿ ತುಮಕೂರು ರಸ್ತೆಗೆ ಅಂಟಿಕೊಂಡಿರುವ ಟಿ. ದಾಸರಹಳ್ಳಿಯ ಸುತ್ತಲೂ ಪೀಣ್ಯ ಕೈಗಾರಿಕಾ ಪ್ರದೇಶ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಎಚ್‌ಎಂಟಿಯ ಹಳೆಯ ಕಾರ್ಖಾನೆಗಳ ಆವರಣಗಳು ಹರಡಿಕೊಂಡಿವೆ. ಈ ಭಾಗದ ಜನರಿಗೆ ಚಳಿ ಎಂದರೆ ಡಿಸೆಂಬರ್ ಬೆಳಗಿನ ಒಂದು ಸ್ವೆಟರಿಗೆ ಮುಗಿದುಹೋಗುವ ಸಂಗತಿ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಆದರೂ ಲಡಾಖಿನ ಗಡಿಯಲ್ಲಿ ಮೈನಸ್ 30 ಡಿಗ್ರಿಯ ರಾತ್ರಿ ಕಳೆದು ಬೆಳಿಗ್ಗೆ ಹೊರಡಬೇಕಾದ ಸೇನಾ ವಾಹನದ ಹಿಂದೆ ಯಾವ ಬಗೆಯ ಕೈಗಾರಿಕೆ, ಯಾವ ಬಗೆಯ ಅಂತರರಾಷ್ಟ್ರೀಯ ಒಡಂಬಡಿಕೆ ಇರಬೇಕು ಎಂಬುದನ್ನು ತಿಳಿಯಲು ದೇಶದಲ್ಲಿ ಈ ಪ್ರದೇಶದಷ್ಟು ತಕ್ಕ ಜಾಗಗಳು ಹೆಚ್ಚಿಲ್ಲ. ವಿದೇಶದ ತಿಳಿವಳಿಕೆಯನ್ನು ತಂದು, ಕಲಿತು, ತನ್ನದಾಗಿಸಿಕೊಂಡ ಅನುಭವ ಈ ರಸ್ತೆಯ ಎರಡೂ ಬದಿಯಲ್ಲಿ ಏಳು ದಶಕಗಳಿಂದ ಕೂಡಿಬಂದಿದೆ.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ತಾನಾಗಿ ಹೊತ್ತಿಕೊಳ್ಳಬೇಕು. ಹೊರಗಿನ ಗಾಳಿಯೂ ಸಿಲಿಂಡರಿನ ಲೋಹವೂ ತೀರ ತಣ್ಣಗಿದ್ದರೆ, ಒತ್ತಡದಿಂದ ಹುಟ್ಟಿದ ಬಿಸಿಯನ್ನು ಲೋಹವೇ ಹೀರಿಕೊಂಡು, ಇಂಧನ ಹೊತ್ತಿಕೊಳ್ಳಲು ಬೇಕಾದ ಉಷ್ಣಾಂಶ ದೊರೆಯದೆ ಹೋಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಅಂಟಿನಂತೆ ದಪ್ಪಗಾಗಿ ಎಂಜಿನ್ನನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಆ ಶಕ್ತಿಯನ್ನು ಕೊಡಬೇಕಾದ ಸೀಸದ ಬ್ಯಾಟರಿಯ ಸಾಮರ್ಥ್ಯವಾದರೋ ಮೈನಸ್ 18 ಡಿಗ್ರಿಯ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಇನ್ನು ಡೀಸೆಲ್ಲಿನಲ್ಲಿ ಸಹಜವಾಗಿಯೇ ಇರುವ ಮೇಣದಂಶ, ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಹೆಪ್ಪುಗಟ್ಟಿ ಫಿಲ್ಟರಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಚಾಲಕ ಎಷ್ಟು ಬಾರಿ ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ, ಉಳಿದಿದ್ದ ಬ್ಯಾಟರಿಯೂ ಬರಿದಾಗುತ್ತದೆ.

ಈ ತೊಡಕುಗಳಲ್ಲಿ ಇಂಧನದ ಭಾಗವನ್ನು ರಸಾಯನಶಾಸ್ತ್ರ ನೋಡಿಕೊಳ್ಳಬಲ್ಲದು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆಂದೇ ಬಿಡುಗಡೆ ಮಾಡಿದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಗುಣವನ್ನು ಉಳಿಸಿಕೊಳ್ಳುತ್ತದೆ. ಲೋಹ, ಆಯಿಲ್, ಬ್ಯಾಟರಿ ಮತ್ತು ವಾಹನದೊಳಗೆ ಕೂತ ಮನುಷ್ಯರನ್ನು ಬೆಚ್ಚಗಿಡುವ ಕೆಲಸ ಮಾತ್ರ ಹೀಟರಿನದೇ.

ಇಲ್ಲಿ ಹೀಟರ್ ಎಂದರೆ ಮನೆಯಲ್ಲಿ ಬಳಸುವ ವಿದ್ಯುತ್ ಸುರುಳಿಯಲ್ಲ, ವಾಹನದ ಟ್ಯಾಂಕಿನಿಂದಲೇ ಇಂಧನ ಎಳೆದುಕೊಂಡು ಎಂಜಿನ್ ನಿಂತಿರುವಾಗಲೂ ಉರಿಯಬಲ್ಲ ಒಂದು ಚಿಕ್ಕ ಕುಲುಮೆ. ಪುಟ್ಟ ಪಂಪೊಂದು ಅಳತೆ ಮಾಡಿದ ಹನಿಗಳಲ್ಲಿ ಡೀಸೆಲ್ಲನ್ನು ದಹನಕೋಶಕ್ಕೆ ತಳ್ಳುತ್ತದೆ. ಅಲ್ಲಿ ಕೆಂಪಗೆ ಕಾದ ಕಡ್ಡಿಯೊಂದು ಬೆಂಕಿ ಹೊತ್ತಿಸುತ್ತದೆ. ಫ್ಯಾನ್ ಗಾಳಿಯನ್ನು ಒದಗಿಸುತ್ತದೆ. ಜ್ವಾಲೆಯ ಬಿಸಿ ಲೋಹದ ಗೋಡೆಯ ಮೂಲಕ ಹಾದು ಇನ್ನೊಂದು ಬದಿಯ ಗಾಳಿಗೋ, ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಎಂಬ ದ್ರವಕ್ಕೋ ಸೇರುತ್ತದೆ. ಬಿಸಿ ದಾಟಬೇಕು, ಹೊಗೆ ದಾಟಬಾರದು ಎಂಬ ಈ ಗೋಡೆಗೆ ಶಾಖ ವಿನಿಮಯಕ ಎಂದು ಹೆಸರು. ಹೀಟರಿನ ಪ್ರಾಣ ಇರುವುದೇ ಇದರಲ್ಲಿ, ಏಕೆಂದರೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಬಣ್ಣವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ವಾಹನದೊಳಗೆ ತುಂಬಿ, ನಿದ್ದೆಯಲ್ಲಿರುವ ಸೈನಿಕರ ಜೀವವನ್ನೇ ತೆಗೆಯಬಲ್ಲದು. ಗಾಳಿಯನ್ನು ಬಿಸಿಮಾಡುವ ಹೀಟರ್ ಸೈನಿಕರಿಗೆ, ಕೂಲಂಟನ್ನು ಬಿಸಿಮಾಡುವ ಹೀಟರ್ ಎಂಜಿನ್ನಿಗೆ ಎಂದು ಸ್ಥೂಲವಾಗಿ ಹೇಳಬಹುದಾದರೂ ಹಲವು ವಾಹನಗಳಲ್ಲಿ ಒಂದೇ ಉಪಕರಣ ಎರಡೂ ಕೆಲಸ ಮಾಡುತ್ತದೆ.

ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಕರ್‌ನಂಥ ಕಂಪನಿಗಳು ಇಂಥ ಹೀಟರುಗಳನ್ನು ದಶಕಗಳಿಂದ ಮಾಡುತ್ತ ಬಂದಿರುವಾಗ ಭಾರತ ಅವನ್ನು ಕೊಂಡುಕೊಂಡರೆ ಸಾಲದೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಇರುವುದು ಎತ್ತರದಲ್ಲಿ. ಯುರೋಪಿನ ಚಳಿ ಬಹುಪಾಲು ಬಯಲಿನ ಚಳಿ. ಅಲ್ಲಿನ ಲಾರಿಗಳಿಗೆಂದು ತಯಾರಾದ ಹಲವು ಹೀಟರುಗಳು ನಿರ್ಬಂಧವಿಲ್ಲದೆ ಕೆಲಸ ಮಾಡುವುದು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದವರೆಗೆ ಮಾತ್ರ, ಅದಕ್ಕಿಂತ ಮೇಲಕ್ಕೆ ವಿಶೇಷ ಜೋಡಣೆ ಬೇಕು. ಲೇಹ್ ಪಟ್ಟಣವೇ ಸುಮಾರು 3500 ಮೀಟರ್ ಎತ್ತರದಲ್ಲಿದೆ, ಗಡಿಯ ದೌಲತ್ ಬೇಗ್ ಓಲ್ಡಿ ನೆಲೆ 5000 ಮೀಟರನ್ನು ಮೀರುತ್ತದೆ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡರಷ್ಟಿದ್ದರೆ ಇನ್ನೂ ಮೇಲಿನ ನೆಲೆಗಳಲ್ಲಿ ಅರ್ಧದ ಸಮೀಪಕ್ಕೆ ಬರುತ್ತದೆ. ಬಯಲಿನ ಲೆಕ್ಕದಲ್ಲಿ ಡೀಸೆಲ್ ಹನಿಸುವ ಪಂಪು ಅಲ್ಲಿಯೂ ಅಷ್ಟನ್ನೇ ಹನಿಸಿದರೆ, ಉರಿಯಲು ಬೇಕಾದ ಆಮ್ಲಜನಕ ಸಾಲದೆ ಮಸಿ ಕಟ್ಟುತ್ತದೆ, ಜ್ವಾಲೆ ಆರುತ್ತದೆ, ಅರೆಬೆಂದ ಇಂಧನದಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಗಾಳಿಯ ಒತ್ತಡವನ್ನು ಅಳೆದು ಅದಕ್ಕೆ ತಕ್ಕಂತೆ ಪಂಪಿನ ಬಡಿತವನ್ನೂ ಫ್ಯಾನಿನ ವೇಗವನ್ನೂ ಬದಲಿಸುವ ನಿಯಂತ್ರಕ ಬೇಕೆನ್ನುವುದು ಈ ಕಾರಣಕ್ಕೆ. ಚಳಿ ಮತ್ತು ಎತ್ತರ ಎರಡೂ ಒಟ್ಟಿಗೆ, ವರ್ಷಗಟ್ಟಲೆ, ದೊಡ್ಡ ಸಂಖ್ಯೆಯ ವಾಹನಗಳನ್ನು ಕಾಡುವ ಸ್ಥಿತಿ ಜಗತ್ತಿನ ಬೇರೆ ಸೇನೆಗಳಿಗೆ ಅಪರೂಪ. ಹೀಗಾಗಿ ಈ ವಿಷಯದಲ್ಲಿ ಭಾರತ ಬರೀ ಕೊಳ್ಳುವ ಗಿರಾಕಿಯಾಗಿ ಉಳಿಯಲು ಬರುವುದಿಲ್ಲ.

ಭಾರತೀಯ ಸೇನೆಗೆ ಇದರ ಅನುಭವ ಹೊಸದಲ್ಲ. 1948ರ ನವೆಂಬರ್ 1ರಂದು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ಸುಮಾರು 3500 ಮೀಟರ್ ಎತ್ತರದ ಜೋಜಿ ಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳು ಏರಿದವು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆಯ ಜಾಡನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿಕೊಟ್ಟಿದ್ದರು. ಅಮೆರಿಕದಲ್ಲಿ ತಯಾರಾದ ಆ ಟ್ಯಾಂಕುಗಳನ್ನು ಹಿಮಾಲಯದ ನವೆಂಬರ್ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ವಿನ್ಯಾಸ ಮಾಡಿರಲಿಲ್ಲ. 1962ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಎಎಂಎಕ್ಸ್-13 ಟ್ಯಾಂಕುಗಳು ಸೋವಿಯತ್ ನಿರ್ಮಿತ ಎಎನ್-12 ವಿಮಾನದ ಹೊಟ್ಟೆಯಲ್ಲಿ ಲಡಾಖಿನ ಚುಶೂಲ್ ತಲುಪಿದಾಗಲೂ ಮಾತು ಅದೇ ಆಗಿತ್ತು. ಬೇರೆ ಬೇರೆ ದೇಶಗಳ ಯಂತ್ರಗಳು ಒಂದೆಡೆ ಸೇರಿದ್ದವೇ ಹೊರತು ಆ ದೇಶಗಳು ಕೂತು ಯೋಚಿಸಿ ಈ ನೆಲಕ್ಕೆಂದು ಏನನ್ನೂ ರೂಪಿಸಿರಲಿಲ್ಲ.

ಮುಂದೆ ಸೋವಿಯತ್ ಒಕ್ಕೂಟದೊಂದಿಗೆ ನಡೆದ ಸಹಯೋಗದಲ್ಲಿ ಚಳಿಯ ತಿಳಿವಳಿಕೆ ಯಂತ್ರದ ಜೊತೆಗೇ ಬಂತು. ಚೆನ್ನೈ ಬಳಿಯ ಆವಡಿಯಲ್ಲಿ ಪರವಾನಗಿ ಪಡೆದು ತಯಾರಿಸಿದ ಟಿ-72 ಟ್ಯಾಂಕಿನಲ್ಲಿ ಡೀಸೆಲ್ ಉರಿಸಿ ಕೂಲಂಟನ್ನೂ ಆಯಿಲನ್ನೂ ಕಾಯಿಸುವ ಹೀಟರ್ ಮೂಲ ವಿನ್ಯಾಸದ ಅಂಗವಾಗಿಯೇ ಇದೆ. ಬ್ಯಾಟರಿ ಸೋತರೂ ಒತ್ತಿಟ್ಟ ಗಾಳಿಯ ಬಲದಿಂದ ಎಂಜಿನ್ ತಿರುಗಿಸುವ ಏರ್ಪಾಟೂ ಅದರಲ್ಲಿದೆ. ಸೈಬೀರಿಯಾದ ಚಳಿಗಾಲವನ್ನು ಕಂಡ ಎಂಜಿನಿಯರುಗಳು ಹೀಟರನ್ನು ಆಮೇಲೆ ಸೇರಿಸುವ ಅನುಕೂಲವೆಂದು ಎಣಿಸದೆ ಎಂಜಿನ್ನಿನ ಭಾಗವೆಂದೇ ಎಣಿಸಿದ್ದರು.

ಕರ್ನಾಟಕದ ಪಾಲಿಗೆ ಹೆಚ್ಚು ಹತ್ತಿರದ ಉದಾಹರಣೆ ಟಾಟ್ರಾ ಲಾರಿಯದು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ಬೆಮೆಲ್, 1986ರಲ್ಲಿ ಚೆಕೊಸ್ಲೊವಾಕಿಯಾದ ಓಮ್ನಿಪೋಲ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಈ ಲಾರಿಗಳನ್ನು ಇಲ್ಲಿ ತಯಾರಿಸತೊಡಗಿತು. ಪೃಥ್ವಿ ಕ್ಷಿಪಣಿ, ಪಿನಾಕ ರಾಕೆಟ್ ವ್ಯವಸ್ಥೆಗಳನ್ನು ಹೊರುವುದು ಇವೇ. ಟಾಟ್ರಾದ ಎಂಜಿನ್ ತಂಪಾಗುವುದು ಗಾಳಿಯಿಂದ. ಅದರಲ್ಲಿ ಕೂಲಂಟ್ ಇಲ್ಲ, ಆದ್ದರಿಂದ ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಒಡೆಯುವ ಭಯವೂ ಇಲ್ಲ. ಆದರೆ ಸಾಮಾನ್ಯ ಲಾರಿಗಳಲ್ಲಿ ಚಾಲಕನ ಕ್ಯಾಬಿನ್ನನ್ನು ಬೆಚ್ಚಗಿಡುವುದು ಅದೇ ಬಿಸಿ ಕೂಲಂಟ್ ಆದ್ದರಿಂದ, ಟಾಟ್ರಾದಲ್ಲಿ ಕ್ಯಾಬಿನ್ನಿಗೆ ಡೀಸೆಲ್ ಉರಿಸುವ ಪ್ರತ್ಯೇಕ ಹೀಟರ್ ಬೇಕಾಗುತ್ತದೆ. ಟಾಟ್ರಾ ಖರೀದಿಯ ಸುತ್ತ 2012ರಲ್ಲಿ ದೊಡ್ಡ ವಿವಾದ ಎದ್ದಿತ್ತು. ಆ ಗದ್ದಲದಲ್ಲಿ ಮರೆಯಾದ, ಆದರೆ ಕೇಳಲೇಬೇಕಾಗಿದ್ದ ಮಾತು ಇನ್ನೊಂದಿತ್ತು: ಎರಡೂವರೆ ದಶಕದ ಸಹಯೋಗದ ನಂತರ ವಿನ್ಯಾಸದ ಎಷ್ಟು ಭಾಗ ನಿಜವಾಗಿ ನಮ್ಮ ಎಂಜಿನಿಯರುಗಳ ಕೈಗೆ ಬಂದಿದೆ ಎಂಬುದು.

ಸಹಯೋಗವೆಂದರೆ ಏನೆಂಬುದಕ್ಕೆ ತುಮಕೂರು ರಸ್ತೆಯ ಆಸುಪಾಸಿನಲ್ಲೇ ಒಳ್ಳೆಯ ಮಾದರಿಗಳಿವೆ. ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನೊಂದಿಗೆ ಆರಂಭವಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ಸಹಕಾರದಲ್ಲಿ ಹುಟ್ಟಿತು. ದಾಸರಹಳ್ಳಿಯಿಂದ ಯಶವಂತಪುರದ ಕಡೆಗೆ ಬರುವಾಗ ಸಿಗುವ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಈಗಿನ ಸಿಎಂಟಿಐ, 1962ರಲ್ಲಿ ಚೆಕೊಸ್ಲೊವಾಕಿಯಾದ ಸಂಶೋಧನಾ ಸಂಸ್ಥೆಯೊಂದರ ಸಹಯೋಗದಿಂದ ತಲೆಯೆತ್ತಿತು. ಸ್ವಿಸ್ ನೆರವಿನಿಂದ ಕೇರಳದ ನೆಟ್ಟೂರಿನಲ್ಲಿ ಶುರುವಾಗಿ ನಂತರ ಪೀಣ್ಯದಲ್ಲಿ ನೆಲೆಯೂರಿದ ಎನ್‌ಟಿಟಿಎಫ್, ಸಾವಿರಾರು ಹುಡುಗರಿಗೆ ಟೂಲ್ ಮತ್ತು ಡೈ ಮಾಡುವ ಕಸುಬನ್ನು ಕಲಿಸಿತು. ಇವೆಲ್ಲವುಗಳಲ್ಲಿ ಪರದೇಶದಿಂದ ಬಂದದ್ದು ಯಂತ್ರ ಮಾತ್ರವಲ್ಲ. ಅಳತೆಯಲ್ಲಿ ಮೈಕ್ರಾನಿನಷ್ಟು ವ್ಯತ್ಯಾಸವನ್ನು ಏಕೆ ಒಪ್ಪಬೇಕು, ಏಕೆ ಒಪ್ಪಬಾರದು ಎಂಬ ವಿವೇಚನೆಯೂ ಜೊತೆಗೆ ಬಂತು. ಡ್ರಾಯಿಂಗ್ ಕೊಟ್ಟರೆ ಅದರಂತೆ ಒಂದು ವಸ್ತುವನ್ನು ಮಾಡಬಹುದು. ಆ ಡ್ರಾಯಿಂಗಿನ ಹಿಂದಿನ ಕಾರಣಗಳನ್ನು ಕೊಟ್ಟರೆ ಮಾತ್ರ ಅದನ್ನು 5000 ಮೀಟರ್ ಎತ್ತರಕ್ಕೆ ತಕ್ಕಂತೆ ಬದಲಿಸಬಹುದು. ಹೀಟರ್ ಒಪ್ಪಂದಗಳಲ್ಲಿ ಭಾರತ ಪಟ್ಟು ಹಿಡಿಯಬೇಕಾದ ಅಂಶ ಇದು.

ದೇಶಗಳು ಒಟ್ಟಾಗಿ ದುಡಿಯಲು ಮೊದಲು ಅಳತೆಗೋಲು ಒಂದಾಗಬೇಕು. ನ್ಯಾಟೊ ಕೂಟದ ದೇಶಗಳು ತೀವ್ರ ಹವಾಮಾನದ ವರ್ಗಗಳನ್ನು ತಮ್ಮೊಳಗಿನ ಒಪ್ಪಂದದಲ್ಲೇ ಗೊತ್ತುಪಡಿಸಿಕೊಂಡಿವೆ. ಅಮೆರಿಕದ ಮಿಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ಮಾನಕ ಜಗತ್ತಿನ ಹಲವೆಡೆ ಚಾಲ್ತಿಯಲ್ಲಿದೆ. ಭಾರತದ ಮೂರೂ ಸೇನೆಗಳಿಗೆ ಎಲೆಕ್ಟ್ರಾನಿಕ್ ಮತ್ತು ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಜೆಎಸ್‌ಎಸ್ 55555 ಎಂಬ ಮಾನಕವಿದೆ. ನ್ಯಾಟೊ ಸೇನೆಗಳು ವಿಮಾನಕ್ಕೂ ಟ್ಯಾಂಕಿಗೂ ಒಂದೇ ಬಗೆಯ ಸೀಮೆಎಣ್ಣೆಯಂಥ ಇಂಧನ ಬಳಸುವ ನೀತಿಯನ್ನು ಅನುಸರಿಸುವುದರಿಂದ ಅಲ್ಲಿನ ಹೀಟರುಗಳು ಅದನ್ನೂ ಉರಿಸಬಲ್ಲವಾಗಿರಬೇಕು. ಇಂಥ ಸಣ್ಣ ಷರತ್ತುಗಳು ಸಹ ಪಂಪಿನ ಸವೆತದಿಂದ ಹಿಡಿದು ಜ್ವಾಲೆಯ ಬಣ್ಣದವರೆಗೆ ಎಲ್ಲವನ್ನೂ ಬದಲಿಸುತ್ತವೆ.

ಇತ್ತೀಚಿನ ಸಹಯೋಗಗಳಲ್ಲಿ ಕೆ9 ವಜ್ರ ಫಿರಂಗಿಯ ಕಥೆ ಎಲ್ಲಕ್ಕಿಂತ ಬೋಧಪ್ರದ. ತಾನೇ ಚಲಿಸುವ ಈ ಫಿರಂಗಿಯ ಮೂಲ ವಿನ್ಯಾಸ ದಕ್ಷಿಣ ಕೊರಿಯಾದ್ದು, ಎಂಜಿನ್ ಜರ್ಮನಿಯ ಎಂಟಿಯು ಕಂಪನಿಯದು, ನಿರ್ಮಾಣ ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿಯದು. 2017ರಲ್ಲಿ ಭಾರತ 100 ಫಿರಂಗಿಗಳಿಗೆ ಒಪ್ಪಂದ ಮಾಡಿಕೊಂಡಾಗ ಕಣ್ಣಮುಂದಿದ್ದದ್ದು ರಾಜಸ್ಥಾನದ ಮರಳುಗಾಡು. ಅದೇ ವರ್ಷ ಉತ್ತರ ಧ್ರುವದ ಚಳಿ ಬಲ್ಲ ಫಿನ್ಲೆಂಡ್ ಮತ್ತು ನಾರ್ವೆ ದೇಶಗಳೂ ಕೆ9 ಅನ್ನು ಆರಿಸಿಕೊಂಡವು. 2020ರ ಗಡಿ ಬಿಕ್ಕಟ್ಟಿನ ನಂತರ ವಜ್ರ ಲಡಾಖಿಗೂ ಹೋಗಬೇಕಾಗಿ ಬಂದಾಗ ಅದಕ್ಕೆ ಚಳಿಗಾಲದ ಸಲಕರಣೆಗಳನ್ನು ಜೋಡಿಸಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಎಲ್ ಅಂಡ್ ಟಿಯೊಂದಿಗೆ 7,628.70 ಕೋಟಿ ರೂಪಾಯಿಯ ಎರಡನೆಯ ಒಪ್ಪಂದಕ್ಕೆ ಸಹಿ ಹಾಕಿದಾಗ, ಎತ್ತರದ ಪ್ರದೇಶಗಳಲ್ಲಿ ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲೂ ಪೂರ್ಣ ಸಾಮರ್ಥ್ಯದಿಂದ ಕೆಲಸ ಮಾಡಬಲ್ಲದೆಂಬುದನ್ನು ಅಧಿಕೃತವಾಗಿಯೇ ಹೇಳಲಾಯಿತು. ನಂತರ ಜೋಡಿಸುವ ಸಾಮಗ್ರಿಯಾಗಿದ್ದ ಚಳಿಯ ಸಿದ್ಧತೆ, ಒಪ್ಪಂದದ ಹೊತ್ತಿಗೇ ನೆನಪಿಡುವ ಗುಣವಾಗಿ ಮೇಲೇರಿದ್ದು ಸಣ್ಣ ಸಂಗತಿಯಲ್ಲ.

ಸಹಯೋಗದ ಇನ್ನೊಂದು ಮುಖವನ್ನು ಜೋರಾವರ್ ಹಗುರ ಟ್ಯಾಂಕ್ ತೋರಿಸಿತು. ಲಡಾಖಿಗೆಂದೇ ಡಿಆರ್‌ಡಿಒ ಮತ್ತು ಎಲ್ ಅಂಡ್ ಟಿ ರೂಪಿಸಿದ ಈ 25 ಟನ್ನಿನ ಟ್ಯಾಂಕಿಗೆ ಜರ್ಮನಿಯ ಎಂಜಿನ್ ಬರಬೇಕಿತ್ತು. ರಫ್ತು ಅನುಮತಿ ತಡವಾದ್ದರಿಂದ ಅಮೆರಿಕದ ಕಮಿನ್ಸ್ ಎಂಜಿನ್ ಬಂತು. ಎಂಜಿನ್ ಬದಲಾದರೆ ಕೂಲಂಟಿನ ದಾರಿ, ಆಯಿಲಿನ ಪ್ರಮಾಣ, ತಂಪಾದಾಗ ಚಾಲೂ ಮಾಡುವ ಕ್ರಮ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. 2024ರ ಡಿಸೆಂಬರ್‌ನಲ್ಲಿ ಈ ಟ್ಯಾಂಕು 4200 ಮೀಟರಿಗಿಂತ ಮೇಲಿನ ನೆಲೆಯಲ್ಲಿ ಗುಂಡು ಹಾರಿಸಿ ಪರೀಕ್ಷೆಗೆ ಒಳಗಾಯಿತು. ಅದೇ ವರ್ಷದ ಮಾರ್ಚ್ 20ರಂದು ಮೈಸೂರಿನ ಬೆಮೆಲ್ ಘಟಕದಲ್ಲಿ ದೇಶದ ಮೊದಲ 1500 ಅಶ್ವಶಕ್ತಿಯ ಟ್ಯಾಂಕ್ ಎಂಜಿನ್ನಿನ ಪ್ರಥಮ ಪರೀಕ್ಷೆ ನಡೆದಿತ್ತು. ಎತ್ತರದಲ್ಲೂ ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲೂ ನಡೆಯುವುದು ಅದರ ಗುರಿಗಳಲ್ಲೊಂದು.

ಇಂಥ ಎಂಜಿನ್ನಿಗೆ ಬೇಕಾದ ಹೀಟರನ್ನು ಬಿಡಿಸಿ ಮೇಜಿನ ಮೇಲೆ ಹರಡಿದರೆ ಕಾಣುವುದು ತುಕ್ಕು ಹಿಡಿಯದ ಉಕ್ಕಿನ ದಹನಕೋಶ, ರೆಕ್ಕೆರೆಕ್ಕೆಯಾಗಿ ಎರಕ ಹೊಯ್ದ ಅಲ್ಯೂಮಿನಿಯಂ ಶಾಖ ವಿನಿಮಯಕ, ಬೆರಳುದ್ದದ ಪಂಪು, ಫ್ಯಾನಿನ ಮೋಟಾರು, ಜ್ವಾಲೆ ಇದೆಯೋ ಇಲ್ಲವೋ ಎಂದು ನೋಡುವ ಸೆನ್ಸರ್, ಅತಿಯಾಗಿ ಕಾದರೆ ಇಂಧನ ನಿಲ್ಲಿಸುವ ನಿಯಂತ್ರಕ. ಎರಕ, ಶೀಟ್ ಮೆಟಲ್, ಸಿಎನ್‌ಸಿ ಯಂತ್ರದ ಕೊರೆತ, ಸರ್ಕ್ಯೂಟ್ ಜೋಡಣೆ ಇವು ಪೀಣ್ಯ ಮತ್ತು ದಾಸರಹಳ್ಳಿಯ ಶೆಡ್ಡುಗಳಲ್ಲಿ ಜಾಬ್ ವರ್ಕ್ ರೂಪದಲ್ಲಿ ದಿನವೂ ನಡೆಯುವ ಕೆಲಸಗಳು. ಅಲ್ಲಿನ ಕೆಲಸಗಾರನಿಗೆ ಕೈಚಳಕದ ಕೊರತೆಯಿಲ್ಲ. ಕೊರತೆ ಇರುವುದು ಚಳಿಯನ್ನೂ ಕಡಿಮೆ ಒತ್ತಡವನ್ನೂ ಒಂದೇ ಕೋಣೆಯಲ್ಲಿ ಸೃಷ್ಟಿಸುವ ಪರೀಕ್ಷಾ ಕೊಠಡಿಗಳು ಸಣ್ಣ ಕಾರ್ಖಾನೆಯ ಮಾಲೀಕನಿಗೆ ಕೈಗೆಟುಕುವ ದರದಲ್ಲಿ ಸಿಗುವುದರಲ್ಲಿ, ಮತ್ತು ಅಲ್ಲಿ ಗೆದ್ದ ಮಾದರಿಯನ್ನು ಒಂದು ಇಡೀ ಚಳಿಗಾಲ ಲಡಾಖಿನ ವಾಹನಕ್ಕೆ ಕಟ್ಟಿ ನೋಡುವ ಅವಕಾಶ ದೊರೆಯುವುದರಲ್ಲಿ. ದೆಹಲಿಯಲ್ಲಿರುವ ಡಿಆರ್‌ಡಿಒದ ಡಿಪಾಸ್ ಪ್ರಯೋಗಾಲಯ ಸೈನಿಕರ ಬಂಕರುಗಳಿಗೆಂದು ಹಿಮ್ ತಾಪಕ್ ಎಂಬ ಸುರಕ್ಷಿತ ಬುಖಾರಿಯನ್ನು, ಅಂದರೆ ಸೀಮೆಎಣ್ಣೆಯ ಕೋಣೆ ಒಲೆಯನ್ನು, ರೂಪಿಸಿ ವಿಷಾನಿಲದ ಅಪಾಯವನ್ನು ತಗ್ಗಿಸಿರುವುದರಿಂದ ಎತ್ತರದಲ್ಲಿ ಬೆಂಕಿ ಹೇಗೆ ಉರಿಯುತ್ತದೆಂಬ ತಿಳಿವಳಿಕೆ ದೇಶದೊಳಗೇ ಇದೆ. ಅದನ್ನು ವಾಹನದ ಹೀಟರಿಗೆ ಒಗ್ಗಿಸಲು ಜರ್ಮನಿ, ಕೊರಿಯಾ, ಫಿನ್ಲೆಂಡಿನಂಥ ದೇಶಗಳ ಅನುಭವಿ ಎಂಜಿನಿಯರುಗಳ ಜೊತೆ ಕೂಡಿ ನಡೆಸುವ ಪರೀಕ್ಷೆಗಳು ಬೇಕು, ಆ ಪರೀಕ್ಷೆಗಳ ಅಂಕಿಅಂಶಗಳು ಎರಡೂ ಕಡೆಯವರ ಕೈಯಲ್ಲಿ ಉಳಿಯಬೇಕು.

ಬಿಡಿಭಾಗ ಮತ್ತು ನಿರ್ವಹಣೆಯ ಮಾತು ಇವೆಲ್ಲಕ್ಕಿಂತ ಬೇಗ ಇತ್ಯರ್ಥವಾಗಬೇಕಾದದ್ದು. ತಿಂಗಳುಗಟ್ಟಲೆ ಉರಿಸದೆ ಬಿಟ್ಟ ಹೀಟರಿನ ಪಂಪಿನಲ್ಲಿ ಇಂಧನ ಅಂಟುಗಟ್ಟುತ್ತದೆಂಬ ಕಾರಣಕ್ಕೆ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಅದನ್ನು ಚಾಲೂ ಮಾಡಬೇಕೆಂದು ತಯಾರಕರು ಹೇಳುತ್ತಾರೆ; ಕಾಯುವ ಕಡ್ಡಿ ಸವೆದರೆ ಬದಲಿಸಬೇಕು, ಮಸಿ ಕಟ್ಟಿದ ದಹನಕೋಶವನ್ನು ತೊಳೆಯಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ನೆಲೆಗಳಿಗೆ ಈ ಬಿಡಿಭಾಗಗಳು ಅಕ್ಟೋಬರ್ ಮುಗಿಯುವುದರೊಳಗೆ ತಲುಪಿರಬೇಕು. ಅವು ಹೊರದೇಶದ ಬಂದರಿನಿಂದ ಬರುವ ಬದಲು ತುಮಕೂರು ರಸ್ತೆಯ ಶೆಡ್ಡಿನಿಂದ ಹೊರಡುವಂತಾದರೆ ಆ ಗಡುವನ್ನು ಪ್ರತಿ ವರ್ಷವೂ ಪಾಲಿಸಲು ಸಾಧ್ಯ.