ಜಾತ್ರೆಯ ಟ್ರೇಲರಿಗೆ ಬೆಳಕು: ಬ್ಯಾಟರಿ ಹೆಚ್ಚಿಸುವ ಬಗೆ

ಪುಷ್ಯಮಾಸದ ಬನದ ಹುಣ್ಣಿಮೆ, ಮಾಘದ ಭಾರತ ಹುಣ್ಣಿಮೆ ಸಮೀಪಿಸಿದವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಗಳೆಲ್ಲ ತುಂಬಿಹೋಗುತ್ತವೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ‘ಉಧೋ ಉಧೋ’ ಎನ್ನುತ್ತ ಜನ ಬರುತ್ತಾರೆ. ಹಿಂದೆ ಈ ದಾರಿಯಲ್ಲಿ ಚಕ್ಕಡಿಗಳ ಸಾಲು; ಅಚ್ಚಿನ ಕೆಳಗೆ ತೂಗಾಡುವ ಕಂದೀಲು. ಚಕ್ಕಡಿಗಳು ಇಂದಿಗೂ ಇವೆ. ಆದರೆ ಅವುಗಳ ಜೊತೆಗೆ ಟ್ರ್ಯಾಕ್ಟರ್ ಟ್ರೇಲರುಗಳೂ ಬಂದಿವೆ. ಟ್ರೇಲರಿನ ಮೇಲೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿದರೆ ಮೂರು ದಿನಗಳ ಮಟ್ಟಿಗೆ ಅದೇ ಮನೆ, ಅದೇ ಅಡಿಗೆಯ ಉಗ್ರಾಣ. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂಡಿಸಿ ಓಡಿಸುವುದು ಕಾಯ್ದೆಗೆ ಒಪ್ಪುವಂಥದಲ್ಲ, ಕ್ಷೇಮವೂ ಅಲ್ಲ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಮಂದಿ ಬಸ್ಸಿನಲ್ಲಿ ಹೋಗಲಿ. ನಾವಿಲ್ಲಿ ಹೇಳಹೊರಟಿರುವುದು ಗುಡ್ಡದ ಮೇಲೆ ನಿಂತ ಟ್ರೇಲರಿನ ಮಾತು.

ಮನೆ ಎಂದ ಮೇಲೆ ಬೆಳಕು ಬೇಕು. ಎಲ್ಲರ ಕೈಯಲ್ಲೂ ಮೊಬೈಲುಗಳಿವೆ, ಅವಕ್ಕೆ ವಿದ್ಯುತ್ತು ಬೇಕು. ಕೂಸಿಗೊಂದು ಸಣ್ಣ ಫ್ಯಾನು, ಭಜನೆಗೊಂದು ಧ್ವನಿವರ್ಧಕ. ಇದಕ್ಕೆಲ್ಲ ಸಾಮಾನ್ಯವಾಗಿ ಮಾಡುವ ಉಪಾಯವೇನು? ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ಎರಡು ತಂತಿ ಎಳೆದುಬಿಡುವುದು. ಮೊದಲ ರಾತ್ರಿ ಎಲ್ಲವೂ ಚೆಂದ. ಬೆಳಗಾದ ಮೇಲೆ ಚಾವಿ ತಿರುವಿದರೆ ಇಂಜಿನ್ನು ‘ಟಕ್’ ಎಂದು ಸುಮ್ಮನಾಗುತ್ತದೆ. ಮರುವರ್ಷ ಮನೆಯ ಯಜಮಾನರು, ‘ಇನ್ನೊಂದು ಬ್ಯಾಟರಿ ಕೂಡಿಸಿದರಾಯಿತು’ ಎಂದು ಎಲ್ಲಿಂದಲೋ ಹಳೆಯದೊಂದನ್ನು ತಂದು ಜೋಡಿಸುತ್ತಾರೆ. ಆಗಲೂ ಕೆಲಸ ಕೆಡುತ್ತದೆ. ಯಾಕೆ ಎಂಬುದನ್ನು ತಿಳಿದುಕೊಂಡರೆ ಹಣವೂ ಉಳಿದೀತು, ಅಪಾಯವೂ ತಪ್ಪೀತು.

ಬ್ಯಾಟರಿಗಳಲ್ಲಿ ಎರಡು ಸ್ವಭಾವಗಳುಂಟು. ಇಂಜಿನ್ನು ಚಾಲೂ ಮಾಡುವ ಬ್ಯಾಟರಿ ಓಟಗಾರನಿದ್ದಂತೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ವಿದ್ಯುತ್ತನ್ನು ಕೊಟ್ಟು ಸುಧಾರಿಸಿಕೊಳ್ಳುತ್ತದೆ. ಅದರ ಸೀಸದ ತಟ್ಟೆಗಳು ಅದಕ್ಕೆಂದೇ ತೆಳ್ಳಗಿವೆ. ರಾತ್ರಿಯಿಡೀ ಮೆಲ್ಲನೆ ಹೀರಿ ಬರಿದು ಮಾಡಿದರೆ ಕೆಲವೇ ಸಲದಲ್ಲಿ ಅದು ಸೋತುಹೋಗುತ್ತದೆ. ದೀಪಕ್ಕೆ ಬೇಕಾದದ್ದು ಭಾರ ಹೊತ್ತು ದೂರ ನಡೆಯುವ ಎತ್ತಿನಂಥ ಬ್ಯಾಟರಿ. ಇದರ ತಟ್ಟೆಗಳು ದಪ್ಪ. ಮನೆಯ ಇನ್ವರ್ಟರಿಗೆ ಹಾಕುವುದು ಈ ಜಾತಿಯದು. ಪಾಶ್ಚಾತ್ಯ ದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪ್ರವಾಸಿ ಟ್ರೇಲರುಗಳಿವೆ. ಅವುಗಳಲ್ಲಿಯೂ ಇಂಜಿನ್ನಿನ ಬ್ಯಾಟರಿ ಬೇರೆ, ಮನೆವಾರ್ತೆಯ ಬ್ಯಾಟರಿ ಬೇರೆ. ನಮಗೂ ಇದೇ ಮೊದಲ ಪಾಠ: ಟ್ರ್ಯಾಕ್ಟರಿನ ಬ್ಯಾಟರಿಯನ್ನು ದೀಪಕ್ಕೆ ಮುಟ್ಟಬೇಡಿ.

ಎರಡನೆಯ ಪಾಠ ಲೆಕ್ಕದ್ದು. ಎಷ್ಟು ದೊಡ್ಡ ಬ್ಯಾಟರಿ ಬೇಕೆಂದು ಅಂಗಡಿಯವರನ್ನು ಕೇಳುವ ಮೊದಲು ಒಂದು ದಿನಕ್ಕೆ ಎಷ್ಟು ಖರ್ಚೆಂದು ಮನೆಯಲ್ಲೇ ಕೂತು ಬರೆದುಕೊಳ್ಳಿ. ಬೈಲಹೊಂಗಲ ತಾಲೂಕಿನ ಒಂದು ಕುಟುಂಬ ಮೂರು ದಿನ ಗುಡ್ಡದಲ್ಲಿ ಉಳಿಯುತ್ತದೆಂದು ಊಹಿಸೋಣ. 5 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು ಐದು ತಾಸು ಉರಿದರೆ 100 ವ್ಯಾಟ್-ಗಂಟೆ. ಎಂಟು ಮೊಬೈಲುಗಳಿಗೆ ಒಂದೊಂದಕ್ಕೆ 15ರಂತೆ 120. 20 ವ್ಯಾಟಿನ ಸಣ್ಣ ಫ್ಯಾನು ಆರು ತಾಸು ತಿರುಗಿದರೆ 120. 30 ವ್ಯಾಟಿನ ಧ್ವನಿವರ್ಧಕ ಎರಡು ತಾಸಿಗೆ 60. ಒಟ್ಟು 400 ವ್ಯಾಟ್-ಗಂಟೆ. ತಂತಿಯಲ್ಲಿ, ಉಪಕರಣಗಳಲ್ಲಿ ಸೋರಿಹೋಗುವುದಕ್ಕೆ ಐದನೇ ಒಂದು ಪಾಲು ಕೂಡಿಸಿದರೆ 480. ಇದನ್ನು 12 ವೋಲ್ಟಿನಿಂದ ಭಾಗಿಸಿರಿ: 40 ಆಂಪಿಯರ್-ಗಂಟೆ. ಇದು ಒಂದು ದಿನದ ಬೇಡಿಕೆ. ಮೂರು ದಿನಕ್ಕೆ 120.

ಹಾಗಾದರೆ 120 ಆಂಪಿಯರ್-ಗಂಟೆಯ ಬ್ಯಾಟರಿ ಸಾಕೇ? ಇಲ್ಲಿಯೇ ಬಹಳ ಜನ ಎಡವುವುದು. ಡಬ್ಬಿಯ ಮೇಲೆ ಬರೆದ ಅಂಕಿ ಕೊಡದ ಗಾತ್ರ. ಕೊಡದಿಂದ ಎಷ್ಟು ನೀರು ತೆಗೆಯಬಹುದೆಂಬುದು ಬೇರೆ ಮಾತು. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದನು. ಅಂದಿನಿಂದಲೂ ಅದರ ಗುಣ ಒಂದೇ: ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಹೋದರೆ ಆಯುಷ್ಯ ಬೇಗ ತೀರುತ್ತದೆ. ಆದ್ದರಿಂದ 120 ಬೇಕಾದರೆ 240 ಇಡಬೇಕು. ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಬ್ಯಾಟರಿ ಹೊಸದು. ಅದರ ಬೀಜ 1990ರ ದಶಕದ ನಡುವಿನಲ್ಲಿ ಅಮೇರಿಕದ ಟೆಕ್ಸಾಸಿನಲ್ಲಿ ಜಾನ್ ಗುಡ್‌ಇನಫ್ ಅವರ ಪ್ರಯೋಗಶಾಲೆಯಲ್ಲಿ ಮೊಳೆಯಿತು. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ ಅವರಿಗೂ ಇನ್ನಿಬ್ಬರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ಬ್ಯಾಟರಿಯಿಂದ ನೂರಕ್ಕೆ ಎಂಬತ್ತು ಪಾಲು ನಿರಾತಂಕವಾಗಿ ತೆಗೆಯಬಹುದು. ಆಗ 150 ಸಾಕು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗಿದರೆ ಇದು 12 ಕಿಲೋದ ಆಸುಪಾಸು.

ಇನ್ನೂ ಒಂದು ಉಪಾಯವಿದೆ. ಕೊಡ ದೊಡ್ಡದು ಮಾಡುವ ಬದಲು ದಿನಾ ತುಂಬಿಕೊಳ್ಳುವುದು. 150 ವ್ಯಾಟಿನ ಒಂದು ಸೌರ ಫಲಕವನ್ನು ಜಾತ್ರೆಯ ದಿನಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ಓರೆಯಾಗಿ ನಿಲ್ಲಿಸಿದರೆ, ಐದು ತಾಸಿನ ಒಳ್ಳೆಯ ಬಿಸಿಲಿಗೆ, ನಷ್ಟ ಕಳೆದು, ಸುಮಾರು 500 ವ್ಯಾಟ್-ಗಂಟೆ ಕೊಟ್ಟೀತು. ನಮ್ಮ ದಿನದ ಬೇಡಿಕೆ 480. ಅಲ್ಲಿಗೆ ಖರ್ಚು-ಜಮೆ ಸರಿಹೋಯಿತು. ಮೋಡ ಮುಸುಕಿದ ಒಂದು ದಿನಕ್ಕೆಂದು ಎರಡು ದಿನದ ಸಂಗ್ರಹವಿದ್ದರೆ ಸಾಕು: ಸೀಸವಾದರೆ 160, ಲಿಥಿಯಮ್ಮಾದರೆ 100. ಫಲಕದ ಮೇಲೆ ಬೇವಿನ ಟೊಂಗೆಯ ನೆರಳಾಗಲಿ, ಒಣಹಾಕಿದ ಸೀರೆಯ ನೆರಳಾಗಲಿ ಬೀಳಬಾರದು. ಒಂದು ಮೂಲೆಯ ನೆರಳೂ ಉತ್ಪತ್ತಿಯನ್ನು ಬಹಳ ಇಳಿಸುತ್ತದೆ. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಕವಿರಲೇಬೇಕು. ಅದರಲ್ಲಿ ಸೀಸಕ್ಕೆ ಬೇರೆ, ಲಿಥಿಯಮ್ಮಿಗೆ ಬೇರೆ ಗುರುತುಗಳಿರುತ್ತವೆ. ಬ್ಯಾಟರಿ ಬದಲಿಸಿದ ದಿನವೇ ಆ ಗುರುತನ್ನೂ ಬದಲಿಸಬೇಕು.

ಈಗ ಜೋಡಣೆಯ ವಿಷಯ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳ ಧನಕ್ಕೆ ಧನ, ಋಣಕ್ಕೆ ಋಣ ಕೂಡಿಸಿದರೆ 12 ವೋಲ್ಟೇ ಉಳಿದು 200 ಆಂಪಿಯರ್-ಗಂಟೆಯಾಗುತ್ತದೆ. ಒಂದರ ಧನವನ್ನು ಇನ್ನೊಂದರ ಋಣಕ್ಕೆ ಕಟ್ಟಿದರೆ 24 ವೋಲ್ಟಾಗಿ ಆಂಪಿಯರ್-ಗಂಟೆ 100 ಉಳಿಯುತ್ತದೆ. ದೀಪಗಳು 12 ವೋಲ್ಟಿನವಾದರೆ ಮೊದಲ ಬಗೆಯೇ ಬೇಕು. ದೀಪದ ಕಡೆಗೆ ಹೋಗುವ ಧನತಂತಿಯನ್ನು ಮೊದಲ ಬ್ಯಾಟರಿಯಿಂದಲೂ ಋಣತಂತಿಯನ್ನು ಎರಡನೆಯದರಿಂದಲೂ ತೆಗೆದರೆ ಇಬ್ಬರೂ ಸಮನಾಗಿ ದುಡಿಯುತ್ತಾರೆ. ಹಳೆಯದಕ್ಕೆ ಹೊಸದನ್ನು ಕಟ್ಟಬೇಡಿ. ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹಾಕಿದಂತಾದೀತು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಇಳಿಸುತ್ತದೆ. ಸೀಸವನ್ನೂ ಲಿಥಿಯಮ್ಮನ್ನೂ ನೇರವಾಗಿ ಒಂದಕ್ಕೊಂದು ಕಟ್ಟುವುದಂತೂ ಸರ್ವಥಾ ಕೂಡದು.

ಟ್ರ್ಯಾಕ್ಟರ್ ಓಡುವಾಗ ಅದರ ಆಲ್ಟರ್ನೇಟರಿನಿಂದ ಮನೆಯ ಬ್ಯಾಟರಿಯನ್ನು ತುಂಬಿಕೊಳ್ಳಬಹುದೇ? ತುಂಬಿಕೊಳ್ಳಬಹುದು, ಆದರೆ ಬರಿಯ ತಂತಿಯಿಂದಲ್ಲ. ಲಿಥಿಯಂ ಬ್ಯಾಟರಿ ಹಸಿದವನಂತೆ ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ. ಸಣ್ಣ ಆಲ್ಟರ್ನೇಟರು ಕಾದು ಸುಟ್ಟುಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರೆಂಬ ಉಪಕರಣ ಹಾಕಿದರೆ ಅದು ಅಳತೆಗೆ ತಕ್ಕಷ್ಟೇ ಬಿಡುತ್ತದೆ. ಇಂಜಿನ್ನು ನಿಂತಾಗ ಎರಡು ಬ್ಯಾಟರಿಗಳನ್ನೂ ಬೇರ್ಪಡಿಸಿ ಇಡುತ್ತದೆ.

ಇನ್ನು ತಂತಿ. ದೀಪ ಮಂಕಾಗಿದೆಯೆಂದರೆ ತಪ್ಪು ಯಾವಾಗಲೂ ಬ್ಯಾಟರಿಯದಲ್ಲ. 8 ಮೀಟರು ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದರೆ, ಹೋಗುವ-ಬರುವ ದಾರಿಯಲ್ಲಿ ಹೆಚ್ಚುಕಡಿಮೆ 1 ವೋಲ್ಟು ಅಲ್ಲೇ ಕರಗುತ್ತದೆ. 4 ಚದರ ಮಿಲಿಮೀಟರಿನ ತಂತಿ ಹಾಕಿದರೆ ಈ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ. ಇನ್ವರ್ಟರ್ ಇಟ್ಟು 230 ವೋಲ್ಟು ಮಾಡಿಕೊಂಡು ಮಿಕ್ಸರ್ ತಿರುಗಿಸುವ ಆಸೆಯೂ ಬೇಡ. 500 ವ್ಯಾಟಿನ ಮಿಕ್ಸರು 12 ವೋಲ್ಟಿನ ಬ್ಯಾಟರಿಯಿಂದ 45 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಶೇಂಗಾದ ಹಿಂಡಿಯನ್ನು ಮನೆಯಲ್ಲೇ ಕುಟ್ಟಿ ತಂದರೆ ಅಷ್ಟು ವಿದ್ಯುತ್ತು ಉಳಿಯಿತು.

ಇದುವರೆಗೆ ಹೇಳಿದ್ದರಲ್ಲಿ ತಪ್ಪಿದರೆ ಕತ್ತಲಾದೀತು, ಹಣ ಹೋದೀತು. ಮುಂದಿನದರಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ದಯವಿಟ್ಟು ಗಮನವಿಟ್ಟು ಓದಿರಿ. ಬ್ಯಾಟರಿಯ ಎರಡು ತುದಿಗಳ ನಡುವೆ ಒಂದು ಸ್ಪ್ಯಾನರ್ ಬಿದ್ದರೆ, ಇಲ್ಲವೆ ತಂತಿಯ ಕವಚ ಟ್ರೇಲರಿನ ಅಂಚಿಗೆ ಉಜ್ಜಿ ಹರಿದರೆ, ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹರಿದು ತಂತಿ ಕೆಂಡವಾಗುತ್ತದೆ. ಕೆಳಗೆ ಹುಲ್ಲು, ಮೇಲೆ ತಾಡಪತ್ರಿ, ನಡುವೆ ಮಲಗಿದ ಮಕ್ಕಳು. ಆದ್ದರಿಂದ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಜು ಇರಲೇಬೇಕು. ಮೇಲೆ ಲೆಕ್ಕ ಹಾಕಿದ ಕುಟುಂಬಕ್ಕೆ 4 ಚದರ ಮಿಲಿಮೀಟರಿನ ತಂತಿಗೆ 20 ಆಂಪಿಯರಿನ ಫ್ಯೂಜು ಸಾಕು. ಅದು ಸುಟ್ಟರೆ ಕಾರಣ ಹುಡುಕಬೇಕೇ ಹೊರತು ದಪ್ಪ ತಂತಿ ಸುತ್ತಿ ಸರಿಮಾಡಿಕೊಳ್ಳಬಾರದು. ಫ್ಯೂಜು ಸುಟ್ಟಿತೆಂದರೆ ಮನೆ ಉಳಿಯಿತೆಂದೇ ಅರ್ಥ.

ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತದೆ. ಹಾಗಾಗಿ ಬ್ಯಾಟರಿಯನ್ನು ತಾಡಪತ್ರಿಯ ಒಳಗೆ, ಒಲೆಯ ಹತ್ತಿರ ಇಡಬೇಡಿ. ಟ್ರೇಲರಿನ ಮುಂಭಾಗದಲ್ಲಿ, ಹೊರಗೆ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಅಲುಗದಂತೆ ಬಿಗಿಯಿರಿ. ಲಿಥಿಯಂ ಕಬ್ಬಿಣದ ಫಾಸ್ಫೇಟಿಗೆ ಈ ಅನಿಲದ ಕಾಟವಿಲ್ಲ. ಆದರೆ ಒಳಗಿನ ಕೋಶಗಳನ್ನು ಕಾಯುವ ಬಿಎಂಎಸ್ ಎಂಬ ಕಾವಲು ಮಂಡಲವಿಲ್ಲದ ಬ್ಯಾಟರಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಬ್ಯಾಟರಿ ಯಾವ ಜಾತಿಯದಾದರೂ ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಇಡಬಾರದು. ಸೀಸದ ಬ್ಯಾಟರಿಯ ಆಯುಷ್ಯ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೊನೆಯ ಪ್ರಶ್ನೆ: ಯಾವುದನ್ನು ಕೊಳ್ಳಬೇಕು? ಜಾತ್ರೆಗೆಂದು ವರ್ಷಕ್ಕೆ ನಾಲ್ಕೇ ದಿನ ಬಳಸುವವರಿಗೆ ಸೀಸವೇ ಸಾಕು. ಮನೆಯ ಇನ್ವರ್ಟರಿನ ಬ್ಯಾಟರಿಯನ್ನೇ ಬಿಚ್ಚಿ ತಂದರೂ ನಡೆದೀತು. ಆದರೆ ಭಾರತ ಹುಣ್ಣಿಮೆ ಮುಗಿಸಿ ಅಟ್ಟಕ್ಕೆ ಹಾಕಿದ ಸೀಸದ ಬ್ಯಾಟರಿ ಅಕ್ಟೋಬರದ ಕಿತ್ತೂರು ಉತ್ಸವದ ಹೊತ್ತಿಗೆ ಸತ್ತಿರುತ್ತದೆಂಬುದನ್ನು ನೆನಪಿಡಿ. ಅದನ್ನು ತಿಂಗಳಿಗೊಮ್ಮೆ ಪೂರ್ತಿ ತುಂಬಿಸಬೇಕು, ಮುಚ್ಚಳವುಳ್ಳದ್ದಾದರೆ ಬಟ್ಟಿಯಿಳಿಸಿದ ನೀರು ಹಾಕಬೇಕು. ಕಬ್ಬಿನ ಹಂಗಾಮಿನಲ್ಲಿ ತಿಂಗಳುಗಟ್ಟಲೆ ಹೊಲದ ಬದುವಿನಲ್ಲೇ ಉಳಿಯುವವರಿಗೆ, ತೋಟದ ಮನೆಯಲ್ಲಿ ದಿನವೂ ಬಳಸುವವರಿಗೆ ಲಿಥಿಯಮ್ಮೇ ಕೊನೆಗೆ ಅಗ್ಗ. ಸೀಸ ಕೆಲವು ನೂರು ಸಲ ತುಂಬಿ ಬರಿದಾದರೆ ಇದು ಎರಡು ಸಾವಿರ ಸಲ, ಅದಕ್ಕೂ ಮಿಗಿಲಾಗಿ ಬಾಳುತ್ತದೆ. ಬಳಸದಾಗ ಇದನ್ನು ಅರ್ಧ ತುಂಬಿಸಿ ತಂಪಾದ ಕಡೆ ಇಟ್ಟರಾಯಿತು.

1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಪ್ರಾರಂಭವಾದಾಗ ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ರೇಡಿಯೋ ಕೇಳಬೇಕಾದರೆ ಬ್ಯಾಟರಿಯೇ ಗತಿ. ಬೇಕಾದ ಕಾರ್ಯಕ್ರಮದ ಹೊತ್ತಿಗಷ್ಟೇ ಹಚ್ಚಿ, ಮುಗಿದೊಡನೆ ಆರಿಸುವ ಹಿತಮಿತವನ್ನು ಆ ಬ್ಯಾಟರಿ ಕಲಿಸಿತ್ತು. ಇಂದಿನ ಬ್ಯಾಟರಿ ಅದಕ್ಕಿಂತ ಎಷ್ಟೋ ಬಲಶಾಲಿ, ಆದರೆ ಪಾಠ ಅದೇ. ಈ ಸಲ ಗುಡ್ಡಕ್ಕೆ ಹೊರಡುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಂಡು ನಿಮ್ಮ ದೀಪಗಳ ಲೆಕ್ಕ ಬರೆಯಿರಿ. ಫ್ಯೂಜು ಇದೆಯೇ ಎಂದು ಬಗ್ಗಿ ನೋಡಿರಿ. ಆಮೇಲೆ ಟ್ರೇಲರಿಗೆ ಕಮಾನು ಕಟ್ಟಿರಿ.