ಕಣ್ಣು ಮುಚ್ಚಿದರೆ ದೇಹ ವಾಲುತ್ತದೆಯೇ?

ವುಝೂ ಮಾಡುವಾಗ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಂಡ ಕೂಡಲೇ ಮನೆಯ ಹಿರಿಯರು ವಾಲಿ, ಗೋಡೆಯನ್ನೋ ವಾಶ್ ಬೇಸಿನನ್ನೋ ಹಿಡಿದುಕೊಳ್ಳುವುದನ್ನು ನೋಡಿದ್ದೀರಾ? ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಅದು ನರಗಳು ಕೊಡುವ ಮುನ್ಸೂಚನೆಯೂ ಆಗಿರಬಹುದು.

ನಿಲ್ಲುವುದು ನಮಗೆ ಒಂದು ಕೆಲಸವೆಂದೇ ಅನಿಸುವುದಿಲ್ಲ. ನಿಜ ಹೇಳಬೇಕೆಂದರೆ, ಅಲುಗಾಡದೆ ನಿಲ್ಲಲು ಯಾರಿಗೂ ಸಾಧ್ಯವಿಲ್ಲ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಕೈಯನ್ನು ಅತ್ತಿತ್ತ ಸರಿಸುತ್ತಲೇ ಇರಬೇಕು. ನಮ್ಮ ದೇಹದ ಸ್ಥಿತಿಯೂ ಹಾಗೆಯೇ. ನಿಂತಾಗ ದೇಹದ ಭಾರ ಕಣಕಾಲಿನ ಕೀಲಿಗಿಂತ ತುಸು ಮುಂದೆ ಬೀಳುತ್ತದೆ. ಮೀನಖಂಡದ ಸ್ನಾಯುಗಳು ಹಿಂದಕ್ಕೆಳೆದು ಹಿಡಿದಿರುವುದರಿಂದಲೇ ನಾವು ಮುಗ್ಗರಿಸುವುದಿಲ್ಲ. ಯಾವ ಕ್ಷಣದಲ್ಲಿ ಎಷ್ಟು ಎಳೆಯಬೇಕೆಂದು ಹೇಳುವುದು ನರವ್ಯೂಹ.

ಮೂರು ಕಡೆಯ ಸುದ್ದಿ

ಇದಕ್ಕಾಗಿ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತದೆ. ಸುತ್ತಲಿನ ಗೋಡೆ, ಬಾಗಿಲುಗಳನ್ನು ನೋಡಿ ನೀವು ಎತ್ತ ವಾಲುತ್ತಿದ್ದೀರೆಂದು ಕಣ್ಣು ತಿಳಿಸುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಳೆಯಾಕಾರದ ನಾಳಗಳಿವೆ. ತಲೆ ತಿರುಗಿದೊಡನೆ ಅವು ಅದನ್ನು ಗುರುತಿಸುತ್ತವೆ. ಅವುಗಳ ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳು ತಲೆ ಎತ್ತ ಬಾಗಿದೆ ಎಂಬುದನ್ನು ಅಳೆಯುತ್ತವೆ. ಮೂರನೆಯ ಸುದ್ದಿ ಪಾದಗಳಿಂದ ಬರುತ್ತದೆ. ಅಂಗಾಲಿನ ಚರ್ಮ, ಕಣಕಾಲಿನ ಕೀಲು ಮತ್ತು ಸ್ನಾಯುಗಳ ಸಂವೇದನೆ ಬೆನ್ನುಹುರಿಯ ಮೂಲಕ ಮೇಲಕ್ಕೆ ಹೋಗುತ್ತದೆ. ಮಿದುಳಕಾಂಡ ಮತ್ತು ಕಿರುಮೆದುಳು ಈ ಮೂರನ್ನೂ ತಾಳೆ ನೋಡಿ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತವೆ. ಇವೆಲ್ಲ ನಿಮ್ಮ ಅರಿವಿಗೆ ಬಾರದೆಯೇ ನಡೆಯುತ್ತವೆ.

ಮೂರರಲ್ಲಿ ಒಂದು ದುರ್ಬಲವಾದರೆ ಉಳಿದೆರಡು ನಿಭಾಯಿಸುತ್ತವೆ. ಅಪಾಯವಿರುವುದೂ ಇಲ್ಲಿಯೇ. ಪಾದದ ನರಗಳು ಸೋಲುತ್ತಿದ್ದರೂ ಕಣ್ಣು ಆ ಕೊರತೆಯನ್ನು ಮುಚ್ಚಿಡುತ್ತದೆ. ಕಣ್ಣು ಮುಚ್ಚಿದಾಗ, ಇಲ್ಲವೇ ರಾತ್ರಿ ಕತ್ತಲಲ್ಲಿ ಎದ್ದಾಗ ಗುಟ್ಟು ಹೊರಬೀಳುತ್ತದೆ. 19ನೇ ಶತಮಾನದಲ್ಲಿ ಬರ್ಲಿನ್‌ನ ವೈದ್ಯ ಮೊರಿಟ್ಜ್ ರೊಂಬರ್ಗ್ ಇದನ್ನು ಗುರುತಿಸಿದರು. ರೋಗಿಯ ಪಾದಗಳನ್ನು ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳುವ ಪರೀಕ್ಷೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ.

ಪಾದದ ನರಗಳನ್ನು ಕೆಡಿಸುವವುಗಳಲ್ಲಿ ಬಹುಕಾಲದ ಸಕ್ಕರೆ ಕಾಯಿಲೆ ಮುಖ್ಯವಾದುದು. ವಿಟಮಿನ್ ಬಿ12 ಕೊರತೆ ನರಗಳ ಜೊತೆಗೆ ಬೆನ್ನುಹುರಿಯನ್ನೂ ಬಾಧಿಸುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಈ ಕೊರತೆ ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ. ಬೇಗ ತಿಳಿದರೆ ಚಿಕಿತ್ಸೆಯೂ ಫಲಿಸುತ್ತದೆ. ಪಾದ ಜೋಮು ಹಿಡಿದಂತಾಗುವುದು, ಹತ್ತಿಯ ಮೇಲೆ ನಡೆದಂತೆ ಅನಿಸುವುದು, ಚಪ್ಪಲಿ ಜಾರಿಹೋದದ್ದೇ ತಿಳಿಯದಿರುವುದು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಸುಜೂದ್‌ನಿಂದ ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುತ್ತಿದ್ದರೆ ಕಾರಣ ಬೇರೆಯಿರಬಹುದು. ರಕ್ತದೊತ್ತಡ ತಟ್ಟನೆ ಇಳಿಯುವುದರಿಂದಲೂ ಹೀಗಾಗುತ್ತದೆ. ಬಿಪಿ ಮಾತ್ರೆ ಸೇವಿಸುವವರು ಇದನ್ನು ವೈದ್ಯರಿಗೆ ಹೇಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಮನೆಯಲ್ಲಿ ಹೀಗೆ ಮಾಡಿ

• ಹಿರಿಯರು ಕುಳಿತೇ ವುಝೂ ಮಾಡುವಂತೆ ಗಟ್ಟಿಯಾದ ಸ್ಟೂಲ್ ಇಡಿ. ಬಚ್ಚಲಿನ ನೆಲ ಒಣಗಿರಲಿ, ಗೋಡೆಗೆ ಹಿಡಿಕೆ ಇರಲಿ.
• ಫಜ್ರ್‌ಗೆ ಎದ್ದವರು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ದೀಪ ಹಾಕಿ, ಆಮೇಲೆ ನಡೆಯಲಿ.
• ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ದಿನವೂ ಮಾಡಿ. ವಾಲುವವರು ಒಬ್ಬರೇ ಇರುವಾಗ ಮಾಡುವುದು ಬೇಡ.
• ಹಠಾತ್ತನೆ ಸಮತೋಲನ ತಪ್ಪಿ, ಮಾತು ತೊದಲಿದರೆ ಅಥವಾ ಮುಖ ಒಂದು ಕಡೆ ಸೊಟ್ಟಗಾದರೆ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದು ಅಪ್ಪ ಅಮ್ಮ ವುಝೂ ಮಾಡುವಾಗ ಒಂದು ಕ್ಷಣ ಅವರ ಕಾಲುಗಳತ್ತ ನೋಡಿ. ಅವರು ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ, ವಾಲುವಾಗಲೇ ಕಂಡುಹಿಡಿಯುವುದು ಒಳಿತಲ್ಲವೇ?