ಪೇಟಿಯ ಮುಂದೆ ನಾವೂ ಕೂಡೋಣ

ಹಾಡು ಬಾರದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಸಿಗುವುದು ಅಪರೂಪ. ಬೀಸುವ ಕಲ್ಲು ಮೂಲೆ ಸೇರಿ ಗಿರಣಿ ಬಂತು, ಹಾಡು ಮಾತ್ರ ಉಳಿಯಿತು. ತೊಟ್ಟಿಲಿಗೊಂದು, ಆರತಿಗೊಂದು, ಸೋಬಾನಕ್ಕೊಂದು, ಭಜನೆಗೆ ಹತ್ತಾರು. ಆದರೆ ಸೋದರಿಯರೇ, ಒಂದು ಮಾತು ಯೋಚಿಸಿ ನೋಡಿ. ನಿಮ್ಮೂರ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ‘ಪೇಟಿ’, ಯಾರ ಮುಂದೆ ಇರುತ್ತದೆ? ತಬಲಾ ಯಾರ ಮುಂದೆ? ನಮ್ಮ ಕೈಗೆ ಬರುವುದು ಬರೀ ತಾಳ. ಅದೂ ಇಲ್ಲದಿದ್ದರೆ ಚಪ್ಪಾಳೆ.

ಇದರಿಂದ ಏನು ನಷ್ಟ ಎಂದು ಕೇಳಬಹುದು. ನಷ್ಟ ಎರಡಿವೆ.

ಮೊದಲನೆಯದು, ನಮ್ಮ ಭಜನೆ ಇನ್ನೊಬ್ಬರ ಬಿಡುವನ್ನು ಕಾಯುತ್ತದೆ. ಇಲ್ಲಿ ಗೋಕಾಕ ತಾಲ್ಲೂಕಿನ ಮೇಲವಂಕಿಯಲ್ಲಿ ನಾವು ಒಂದೇ ಓಣಿಯ ಹೆಂಗಸರು ಶ್ರಾವಣದಲ್ಲಿ ಭಜನೆಗೆ ಕೂಡುತ್ತೇವೆ. ಪೇಟಿ ಮಾಸ್ತರರಿಗೆ ಅಂದೇ ರಾತ್ರಿ ಕಬ್ಬಿಗೆ ನೀರು ಹಾಯಿಸುವ ಪಾಳಿ ಬಂದರೆ ಮುಗಿಯಿತು. “ಇವತ್ತ ಬ್ಯಾಡ ಬಿಡ್ರಿ ಅಕ್ಕಾರ, ಪೇಟಿ ಇಲ್ಲದ ಏನ್ ಭಜನಿ” ಎಂದು ಹೇಳಿ ಎಲ್ಲರೂ ಎದ್ದು ಹೋಗುವುದು. ಮಾಸ್ತರರದು ತಪ್ಪಲ್ಲ. ಅವರಿಗೂ ಹೊಲ ಮನೆ ಇದೆ.

ಎರಡನೆಯದು ದನಿಯ ಮಾತು. ಗಂಡಸರು ಸಾಮಾನ್ಯವಾಗಿ ‘ಕರಿ ಒಂದು’, ‘ಕರಿ ಎರಡು’ ಮನೆಗಳನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೆ. ಹೆಂಗಸರ ದನಿಗೆ ಒಗ್ಗುವುದು ಹೆಚ್ಚಾಗಿ ‘ಕರಿ ನಾಲ್ಕು’, ‘ಕರಿ ಐದು’. ಪೇಟಿ ಅವರ ಸ್ವರದಲ್ಲಿದ್ದರೆ ನಮಗೆ ಕೆಳಗೆ ಹಾಡಿದರೆ ದನಿ ಕೇಳಿಸುವುದಿಲ್ಲ, ಮೇಲೆ ಹಾಡಿದರೆ ಗಂಟಲು ಹರಿಯುತ್ತದೆ. “ನನ್ನ ದನೀನ ಚಲೋ ಇಲ್ಲ” ಎಂದು ಎಷ್ಟೋ ಅಕ್ಕತಂಗಿಯರು ಸುಮ್ಮನಾಗಿಬಿಟ್ಟಿದ್ದಾರೆ. ಅವರ ದನಿಯಲ್ಲಿ ದೋಷವಿಲ್ಲ, ಪೇಟಿಯಲ್ಲಿ ಹಿಡಿದ ಮನೆ ಬೇರೆ, ಅಷ್ಟೇ. ಪೇಟಿ ನಮ್ಮವಳೊಬ್ಬಳ ಕೈಯಲ್ಲಿದ್ದರೆ ನಮ್ಮ ದನಿಗೆ ತಕ್ಕ ಮನೆಯನ್ನು ಅವಳೇ ಹಿಡಿಯುತ್ತಾಳೆ.

ಈ ಪೇಟಿ ಎಲ್ಲಿಂದ ಬಂತು?

ಪೇಟಿ ನಮ್ಮ ದೇಶದ್ದಲ್ಲ. 1840ರ ಸುಮಾರಿಗೆ ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ಡಿಬೇನ್ ಎಂಬಾತ ಇದಕ್ಕೆ ಹಾರ್ಮೋನಿಯಂ ಎಂದು ಹೆಸರಿಟ್ಟ. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿ ತುಳಿಯುವ ವಾದ್ಯ. ನಾಟಕ ಕಂಪನಿಗಳಲ್ಲಿ ಇದ್ದ ಕಾಲುಪೇಟಿ ಅದೇ ಜಾತಿಯದು. ಚಾಪೆಯ ಮೇಲೆ ಕುಳಿತು ಎಡಗೈಯಿಂದ ಗಾಳಿ ಹಾಕಿ ಬಲಗೈಯಿಂದ ನುಡಿಸುವ ಪೇಟಿಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಒಳಗೆ ಹಿತ್ತಾಳೆಯ ತೆಳು ನಾಲಿಗೆಗಳಿರುತ್ತವೆ. ಮನೆ ಒತ್ತಿದಾಗ ಗಾಳಿ ಆ ನಾಲಿಗೆಯನ್ನು ಅಲುಗಿಸುತ್ತದೆ, ಸ್ವರ ಹೊರಡುತ್ತದೆ.

ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುವುದು ಪೇಟಿಗೆ ಆಗದ ಕೆಲಸ. ಅದಕ್ಕೇ ದೊಡ್ಡವರು ಕೆಲವರಿಗೆ ಇದು ಸೇರಲಿಲ್ಲ. ರವೀಂದ್ರನಾಥ ಠಾಕೂರರೂ ಮೆಚ್ಚಿದವರಲ್ಲ. ಆಕಾಶವಾಣಿಯಂತೂ 1940ರಿಂದ 1971ರವರೆಗೆ ಪೇಟಿಯನ್ನು ಹೊರಗೇ ಇಟ್ಟಿತ್ತು. ಆದರೂ ಗುಡಿಯಿಂದ, ಮನೆಯಿಂದ ಅದನ್ನು ಕದಲಿಸಲು ಯಾರಿಗೂ ಆಗಲಿಲ್ಲ. ನಮ್ಮ ಜಿಲ್ಲೆಯ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮಭಾವು ಬಿಜಾಪುರೆಯವರು ಇದೇ ಪೇಟಿಯಿಂದ ದೇಶದಲ್ಲಿ ಹೆಸರು ಪಡೆದರು. ಬೆಳಗಾವಿಯಲ್ಲಿದ್ದು ಅನೇಕರಿಗೆ ಕಲಿಸಿ 2010ರಲ್ಲಿ ತೀರಿಕೊಂಡರು.

ಹೆಣ್ಣುಮಕ್ಕಳ ಮಾತಿಗೆ ಬಂದರೆ, ನಮ್ಮ ಸೀಮೆಯ ಕೌಜಲಗಿ ನಿಂಗಮ್ಮನ ಹೆಸರು ಕೇಳದವರಾರು? ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟವನ್ನು ಊರೂರಿನ ಜನರ ಮುಂದೆ ಹಾಡಿದ ಕಲಾವಿದೆ ಆಕೆ. ಆಟದಲ್ಲಿ ರಾತ್ರಿಯಿಡೀ ಹಾಡುವುದಕ್ಕೆ ಹೆಂಗಸಿಗೆ ಎಷ್ಟು ಎದೆಗಾರಿಕೆ ಬೇಕಿತ್ತು! ನಮಗೆ ಬೇಕಾದದ್ದು ಅದರಲ್ಲಿ ಕಾಸಿನಷ್ಟು.

ವಯಸ್ಸು ಅಡ್ಡಿಯೇ?

ಪಟ್ಟಣದಲ್ಲಿ ಓದುವ ಹುಡುಗರು ಗಿಟಾರ್ ಕೊಳ್ಳುತ್ತಾರೆ. ನಾಲ್ಕು ಜನ ಗೆಳೆಯರು ಸೇರಿ, ಒಬ್ಬನಿಗೆ ಬಂದದ್ದನ್ನು ಇನ್ನೊಬ್ಬನಿಗೆ ತೋರಿಸಿ ಕಲಿಯುತ್ತಾರೆ. “ಕಛೇರಿ ಮಾಡಾವೇನಪಾ?” ಎಂದು ಅವರನ್ನು ಯಾರೂ ಕೇಳುವುದಿಲ್ಲ. ಹುಡುಗರ ಹವ್ಯಾಸ ಎಂದು ಬಿಡುತ್ತಾರೆ. ನಾನು ನಲವತ್ತು ದಾಟಿದ ಮೇಲೆ ಪೇಟಿ ಮುಟ್ಟಿದಾಗ ಮಾತ್ರ “ಈಗ್ಯಾಕ್ರಿ ವೈನಿ ನಿಮಗ ಇದು?” ಎಂಬ ಪ್ರಶ್ನೆ ಮೂರು ಮನೆಗಳಿಂದ ಬಂತು. “ನಮ್ಮ ಭಜನಿ ನಿಲ್ಲಬಾರದಂತ ರೀ” ಎಂದೆ. ಆ ಮೂವರಲ್ಲಿ ಒಬ್ಬರು ಈಗ ನನ್ನ ಪಕ್ಕದಲ್ಲೇ ಕುಳಿತು ಸರಿಗಮ ಒತ್ತುತ್ತಾರೆ.

ಹವ್ಯಾಸವೆಂದರೆ ಪರೀಕ್ಷೆ ಅಲ್ಲ. ನಮಗೆ ಬೇಕಾದದ್ದು ಹತ್ತು ಹಾಡಿಗೆ ಸಾಕಾಗುವಷ್ಟು ಕೈ. ಪ್ರತಿದಿನ ಹದಿನೈದು ನಿಮಿಷ ಕುಳಿತರೆ ಅದು ಬಂದೇ ಬರುತ್ತದೆ. ಅನ್ನಕ್ಕೆ ಇಟ್ಟು ಅದು ಆಗುವವರೆಗಿನ ಹೊತ್ತು ಅಷ್ಟೇ.

ಸುಲಭದ ಮೊದಲ ಪಾಠ

ಪೇಟಿಯಲ್ಲಿ ಕರಿ ಮನೆಗಳು ಎರಡು, ಮೂರು, ಎರಡು, ಮೂರು ಹೀಗೆ ಗುಂಪಾಗಿ ಇರುತ್ತವೆ. ಮೂರರ ಗುಂಪಿನ ಮೊದಲನೆಯದೇ ‘ಕರಿ ಮೂರು’. ಅದನ್ನು ಸ ಎಂದು ಹಿಡಿಯಿರಿ. ಅಲ್ಲಿಂದ ಬಲಕ್ಕೆ ಬಿಳಿ ಮನೆ ಮುಟ್ಟದೆ ಬರೀ ಕರಿ ಮನೆಗಳನ್ನು ಒತ್ತುತ್ತ ಹೋಗಿ. ಸ ರಿ ಗ ಪ ಧ, ಮತ್ತೆ ಮೇಲಿನ ಸ. ಇದೇ ಭೂಪ ರಾಗದ ಐದು ಸ್ವರ! ಎಷ್ಟೋ ಭಜನೆಯ ಧಾಟಿಗಳು ಈ ಐದು ಸ್ವರದಲ್ಲೇ ಕೂಡುತ್ತವೆ. ತಪ್ಪು ಮನೆಗೆ ಬೆರಳು ಹೋಗುವ ಭಯ ಕಡಿಮೆ, ಸ್ವರವೂ ಅನೇಕ ಹೆಂಗಸರ ದನಿಗೆ ಹತ್ತಿರ.

ಇದು ಕೈಗೆ ಕೂತ ಮೇಲೆ ‘ಬಿಳಿ ಒಂದ’ರಿಂದ, ಎಂದರೆ ಎರಡು ಕರಿಯ ಗುಂಪಿನ ಎಡಕ್ಕಿರುವ ಬಿಳಿ ಮನೆಯಿಂದ, ಎಲ್ಲ ಬಿಳಿ ಮನೆಗಳನ್ನು ಸಾಲಾಗಿ ಒತ್ತಿ. ಬಿಲಾವಲದ ಏಳು ಶುದ್ಧ ಸ್ವರ ಸಿಗುತ್ತವೆ. ತಿದಿಯನ್ನು ಜಗ್ಗಾಡಬೇಡಿ. ತೊಟ್ಟಿಲು ತೂಗುವ ಹಾಗೆ ಒಂದೇ ಹದದಲ್ಲಿ ಆಡಿಸಿ. ಬಾಯಿಂದ ಸ್ವರ ಹೇಳುತ್ತಲೇ ಒತ್ತಿ. ಬೆರಳಿನ ಜೊತೆ ಕಿವಿಯೂ ಕಲಿಯಬೇಕು.

ಕೊಳ್ಳುವಾಗ, ಇಡುವಾಗ

ಹೊಸದೇ ಬೇಕೆಂದಿಲ್ಲ. ಹಳೆಯದನ್ನು ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಮುಂದಿನ ಗುಬ್ಬಿಗಳನ್ನೆಲ್ಲ ಒಳಗೆ ತಳ್ಳಿ, ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಡಿ. ಗಾಳಿ ಬೇಗ ಇಳಿದರೆ ತಿದಿ ಸೋರುತ್ತಿದೆ ಎಂದರ್ಥ. ಆಮೇಲೆ ಗುಬ್ಬಿ ಎಳೆದು ಒಂದೊಂದೇ ಮನೆ ಒತ್ತಿ, ಮೂಕವಾದದ್ದು, ಗರಗರ ಎನ್ನುವುದು ಇದೆಯೇ ನೋಡಿ. ಒತ್ತಿದ ಮನೆ ತಟ್ಟನೆ ಮೇಲೆ ಬರುತ್ತದೆಯೇ ಎಂದೂ ನೋಡಿ.

ಮನೆಯಲ್ಲಿ ಪೇಟಿಯನ್ನು ಮಳೆಗಾಲದಲ್ಲಿ ನೆಲಕ್ಕೂ ಹಸಿ ಗೋಡೆಗೂ ತಾಕಿಸಬೇಡಿ. ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ. ತಂಪಿಗೆ ಹಿತ್ತಾಳೆಯ ನಾಲಿಗೆ ಕಿಲುಬು ಹಿಡಿಯುತ್ತದೆ, ಚರ್ಮ ಬೂಸು ಹಿಡಿಯುತ್ತದೆ. ಅಡುಗೆಮನೆಯ ಒಗ್ಗರಣೆಯ ಹೊಗೆಯೂ ಆಗದು. ಇಲಿಯ ಕಾಟವಿದ್ದಲ್ಲಿ ಬಹಳ ಎಚ್ಚರ. ಒಳಗೆ ಕೆಟ್ಟರೆ ನೀವೇ ಬಿಚ್ಚದೆ ರಿಪೇರಿಯವರಿಗೆ ಕೊಡಿ.

ಒಬ್ಬಳೇ ಬೇಡ

ಎಲ್ಲಕ್ಕಿಂತ ಮುಖ್ಯ ಮಾತು ಇದು. ಮನೆಯಲ್ಲಿ ಒಬ್ಬಳೇ ಕುಳಿತು ಕಲಿತದ್ದು ಹಬ್ಬ ಹುಣ್ಣಿಮೆ ಬಂದಾಗ ನಿಂತುಹೋಗುತ್ತದೆ. ನಾಲ್ವರು ಕೂಡಿ ಕಲಿತದ್ದು ನಿಲ್ಲುವುದಿಲ್ಲ. ವಾರಕ್ಕೊಂದು ಮಧ್ಯಾಹ್ನ ಗೊತ್ತು ಮಾಡಿಕೊಳ್ಳಿ. ಪೇಟಿಗೆ ಇಬ್ಬರು ತಯಾರಾಗಲಿ, ಒಬ್ಬಳು ತವರಿಗೆ ಹೋದರೂ ಇನ್ನೊಬ್ಬಳಿರುತ್ತಾಳೆ. ತಬಲಾಕ್ಕೆ ಒಬ್ಬ ಸೊಸೆಯೋ ಮಗಳೋ ಮುಂದೆ ಬರಲಿ. ಎಂಟು ಮಾತ್ರೆಯ ಠೇಕಾ ಒಂದು ಬಂದರೆ ಮೊದಲಿಗೆ ಸಾಕು. ಊರಿನ ಪೇಟಿ ಮಾಸ್ತರರನ್ನು ದೂರ ಮಾಡಬೇಡಿ. ತಿಂಗಳಿಗೊಮ್ಮೆ ಕರೆದು, ಚಹಾ ಕೊಟ್ಟು, ತಪ್ಪು ತಿದ್ದಿಸಿಕೊಳ್ಳಿ. ಕಲಿಸಿಕೊಡಿ ಎಂದರೆ ಬೇಡ ಎನ್ನುವ ಕಲಾವಿದರು ಕಡಿಮೆ.

ಹೊಸದಾಗಿ ಬಂದವಳು ತಪ್ಪು ಮನೆ ಒತ್ತಿದರೆ ನಗಬೇಡಿ. ಅವಳು ನಾಳೆ ಬರದೇ ಹೋದರೆ ನಷ್ಟ ಇಡೀ ಬಳಗಕ್ಕೆ.

ದೇವರ ಮುಂದೆ ಹಾಡಲು ಇಷ್ಟು ವರ್ಷ ನಮಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ನುಡಿಸಲು ಮಾತ್ರ ಯಾಕೆ ಬೇಕು? ಬರುವ ಶ್ರಾವಣಕ್ಕೆ ಇನ್ನೂ ಹೊತ್ತಿದೆ. ಇಂದೇ ನೆರೆಮನೆಯ ಅಕ್ಕನನ್ನು ಕೇಳಿ ನೋಡಿ.